ಕೂಸಿನ ಅರಿವಿಯ ಗಂಟು

ನಮ್ಮ ಕಡೆ ಕೂಸಿನ ಮೊದಲ ಪ್ರಯಾಣ ಯಾವುದೆಂದು ಅದು ಹುಟ್ಟುವ ಮೊದಲೇ ಗೊತ್ತಿರುತ್ತದೆ. ಚೊಚ್ಚಲ ಬಾಣಂತನ ತವರಿನಲ್ಲಿ. ಆಮೇಲೆ ಮೂರಕ್ಕೋ ಐದಕ್ಕೋ, ಅಂತೂ ಬೆಸ ತಿಂಗಳಲ್ಲಿ, ತೊಟ್ಟಿಲು, ಕುಂಚಿಗೆ, ಬೆಳ್ಳಿ ಕಡಗದೊಂದಿಗೆ ತಾಯಿ ಕೂಸನ್ನು ಗಂಡನ ಮನೆಗೆ ಕಳಿಸುವುದು. ಬೀಗರು ಎಣಿಸಿ ನೋಡುವ ಸಾಮಾನಿನಲ್ಲಿ ಸೇರದ, ಆದರೆ ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಗಂಟೊಂದು ಅದರ ಜೊತೆಗಿರುತ್ತಿತ್ತು: ಹಳೆಯ ಪತ್ತಲ, ಹಳೆಯ ಧೋತರ ಹರಿದು ಮಾಡಿದ ಕೂಸಿನ ಅರಿವಿಗಳು. ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಪಾಣಿಪತ್ತಿನ ಮೂರೂ ಯುದ್ಧಗಳನ್ನು ಇಸವಿ ಸಮೇತ ಬಾಯಿಪಾಠ ಮಾಡಿಸಿದ್ದೇನೆ. ಈ ಗಂಟಿನ ಮಾತು ಮಾತ್ರ ಯಾವ ಪಠ್ಯದಲ್ಲೂ ಬರಲಿಲ್ಲ.

ಕೂಸಿಗೆ ಹಳೇ ಅರಿವಿಯೇ ಆಗಬೇಕು ಎಂಬುದಕ್ಕೆ ಶಾಸ್ತ್ರ ಹೇಳುವವರಿದ್ದಾರೆ. ಶಾಸ್ತ್ರಕ್ಕಿಂತ ಮಗ್ಗದ ಕಾರಣವೇ ನನಗೆ ಹೆಚ್ಚು ಒಪ್ಪಿಗೆ. ಕೈಮಗ್ಗದವರು ನೇಯುವ ಮೊದಲು ನೂಲಿಗೆ ಗಂಜಿ ಹಿಡಿಸುತ್ತಾರೆ. ಹೊಸ ಬಟ್ಟೆ ಅದಕ್ಕೇ ಬಿರುಸು, ನೀರನ್ನೂ ತಟ್ಟನೆ ಕುಡಿಯುವುದಿಲ್ಲ. ವರ್ಷಗಟ್ಟಲೆ ಒಗೆಯುವ ಕಲ್ಲಿನ ಪೆಟ್ಟು ತಿಂದ ಪತ್ತಲದಲ್ಲಿ ಗಂಜಿ ಹೋಗಿ ಎಳೆ ಮೆತ್ತಗಾಗಿರುತ್ತದೆ. ಇಳಕಲ್ ಪತ್ತಲದ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಹಾಗಾಗಿ ಸೆರಗು ಬೇರೆ ಮಾಡಿ, ತೊಡೆಗೆ ಒತ್ತುವ ದಪ್ಪ ಅಂಚನ್ನೂ ಬಿಡಿಸಿ, ಒಡಲನ್ನಷ್ಟೇ ಚೌಕ ಚೌಕವಾಗಿ ಹರಿಯುತ್ತಿದ್ದರು. ಉಳಿದ ಚೂರೆಲ್ಲ ಕೌದಿಗೆ. ಚೌಕವನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಚಿ, ಒಂದು ತುದಿ ಮುಂದೆ, ಇನ್ನೊಂದು ತುದಿ ಹಿಂದೆ ಉಡದಾರಕ್ಕೆ ಸಿಕ್ಕಿಸಿದರೆ ಮುಗಿಯಿತು.

ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದು, ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಮುಂದೆ ತಲೆಮಾರುಗಟ್ಟಲೆ ಅಲ್ಲಿನ ತಾಯಂದಿರು ಕೂಸಿನ ಬಟ್ಟೆಯನ್ನು ಆ ಪಿನ್ನಿನಿಂದಲೇ ನಿಲ್ಲಿಸಿದರು. ನಮ್ಮಲ್ಲಿ ಆ ಕೆಲಸವನ್ನು ನಡುವಿನ ಕರಿ ದಾರ ಮೊದಲಿನಿಂದಲೂ ಮಾಡುತ್ತಿತ್ತು. ಉಡದಾರ ದೃಷ್ಟಿಗೆಂದು ಕಟ್ಟುವುದೋ ಅರಿವಿಗೆಂದು ಕಟ್ಟುವುದೋ ಎಂದು ನಮ್ಮ ಆಯಿಯನ್ನು ಕೇಳಿದ್ದೆ. "ಒಂದ ದಾರಕ್ಕ ಒಂದ ಕೆಲಸ ಅಂತ ಯಾರ ಹೇಳ್ಯಾರ ನಿನಗ?" ಅಂದಳು.

ಆಯಿಯ ಕಾಯಿದೆಗಳು ಇನ್ನೂ ಇದ್ದವು. ದೀಪ ಹಚ್ಚುವ ಹೊತ್ತಿಗೆ ಕೂಸಿನ ಅರಿವಿ ಅಂಗಳದ ಹಗ್ಗದ ಮೇಲೆ ಇರಬಾರದು. ಒಗೆದ ಅರಿವಿಯನ್ನು ತಿರುವಿ ಹಿಂಡಬಾರದು, ಹಿಂಡಿದರೆ ಕೂಸಿನ ಹೊಟ್ಟೆ ನುಲಿಯುತ್ತದೆ. ಮೊದಲನೆಯದು ಇಬ್ಬನಿಗೂ ಹುಳಹುಪ್ಪಡಿಗೂ ಒಳ್ಳೆಯ ಉಪಾಯ ಎನ್ನಬಹುದು. ಎರಡನೆಯದನ್ನು ಅರಿವಿಯ ಆಯುಸ್ಸಿಗಾಗಿ ಹೇಳಿದ್ದಿರಬೇಕು. ಜೀರ್ಣವಾದ ಹತ್ತಿ ತಿರುವಿದರೆ ಸಿಗಿಯುತ್ತದೆ, ಕೂಸಿನ ಹೊಟ್ಟೆಯ ಹೆಸರು ಹೇಳಿದರೆ ಸೊಸೆಯಂದಿರು ತಿರುವುವುದಿಲ್ಲ.

ಇನ್ನು ಒಗೆಯುವವರ ವಿಚಾರ. ಪುರುಡು ಕಳೆಯುವ ತನಕ ಬಾಣಂತಿಯ ಮತ್ತು ಕೂಸಿನ ಬಟ್ಟೆ ಮಡಿವಾಳರ ಮನೆಗೆ ಹೋಗುತ್ತಿತ್ತು. ಸವಳುಮಣ್ಣಿನ ನೀರಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹಳ್ಳದಲ್ಲಿ ಒಗೆದು, ಬಿಸಿಲಿಗೆ ಹರವಿ ತರುತ್ತಿದ್ದರು. ಸವಳಿನ ಕ್ಷಾರ, ಹಬೆ, ಬಿಸಿಲು ಇವಿಷ್ಟು ಇದ್ದ ಮೇಲೆ ಆಸ್ಪತ್ರೆಯ ಲಾಂಡ್ರಿ ಇದಕ್ಕಿಂತ ದೊಡ್ಡದೇನನ್ನೂ ಮಾಡುವುದಿಲ್ಲ. 1888ರಲ್ಲಿ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿತ್ತು, ಮುಂದೆ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ತೆರೆದಿತ್ತು, ಆದರೆ ಹಳ್ಳಿಯಲ್ಲಿ ಸವಳು ಬಿಡಿಸಲು ಇವು ಬಹಳ ಕಾಲ ತೆಗೆದುಕೊಂಡವು. ಊರಿನ ಆಯಗಾರರಲ್ಲಿ ಮಡಿವಾಳರೂ ಸೇರಿದ್ದರಿಂದ ಕೂಲಿ ಸುಗ್ಗಿಗೊಮ್ಮೆ ಕಣದಲ್ಲಿ ಸಿಗುವ ಕಾಳು. ಮೈಲಿಗೆ ಎಂದು ಮನೆಯವರೇ ಮುಟ್ಟದ್ದನ್ನು ಅವರು ಮುಟ್ಟಿ ಕೂಸನ್ನು ಸ್ವಚ್ಛ ಇಟ್ಟರು. ಪುರುಡು ಕಳೆದ ಮೇಲೆ ಆ ಪಾಳಿ ಮನೆಯ ಮುದುಕಿಯದು. ಹಳೇ ಅರಿವಿ ಪುಕ್ಕಟೆಯಾಗಿ ಸಿಗುತ್ತಿತ್ತು ಎಂದು ಈಗಿನವರು ಹೊಗಳುವಾಗ ನನಗೆ ಸಿಟ್ಟು ಬರುತ್ತದೆ. ಆ ಕೈಗಳ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅದಕ್ಕೆ ಪುಕ್ಕಟೆ.

ಅಂದರೆ ಅರಿವಿಗೆ ಬೇಕಾದದ್ದು ನೀರು, ಬಿಸಿಲು, ಒಗೆಯುವವರು. ಮನೆಯಲ್ಲಿ ಇವು ಇದ್ದವು. ದಾರಿಯಲ್ಲಿ ಒಂದೊಂದಾಗಿ ತಪ್ಪುತ್ತ ಹೋದವು.

ಚಕ್ಕಡಿಯ ಕಾಲದಲ್ಲಿ ಅಷ್ಟು ತೊಂದರೆ ಇರಲಿಲ್ಲ. ಹಳ್ಳ ಬಂದಲ್ಲಿ ಚಕ್ಕಡಿ ಬಿಟ್ಟು ಎತ್ತಿಗೂ ನೀರು, ಅರಿವಿಗೂ ನೀರು. ಜಾಲಾಡಿದ್ದನ್ನು ಕಮಾನಿನ ಮೇಲೆ ಹರವಿದರೆ ಮುಂದಿನ ಊರಿನ ಹೊತ್ತಿಗೆ ಒಣಗಿರುತ್ತಿತ್ತು. ರೈಲು ಹಳ್ಳಕ್ಕೆ ನಿಲ್ಲುವುದಿಲ್ಲ. 1853ರಲ್ಲಿ ಬೋರಿಬಂದರದಿಂದ ಠಾಣೆಗೆ ರೈಲು ಓಡಿತು, ಆದರೆ ಮೂರನೇ ದರ್ಜೆಯ ಡಬ್ಬಿಗೆ ಪಾಯಖಾನೆ ಬರಲು ಅರ್ಧ ಶತಮಾನದ ಮೇಲೆ ಹಿಡಿಯಿತು. 1909ರಲ್ಲಿ ಒಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕ ಬಂಗಾಲದ ಅಹ್ಮದಪುರ ಸ್ಟೇಷನ್ನಿನಲ್ಲಿ ಹಲಸಿನ ಹಣ್ಣು ತಿಂದ ಹೊಟ್ಟೆಯ ಬಾಧೆಗೆ ಇಳಿದು ಕೂತಾಗ ಗಾರ್ಡು ಸೀಟಿ ಊದಿದನಂತೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ ಬಿದ್ದ ಅವನು ಬರೆದ ದೂರಿನ ಪತ್ರ ದೆಹಲಿಯ ರೈಲು ಮ್ಯೂಸಿಯಮ್ಮಿಗೆ ಸೇರಿದೆ. ಪಾಯಖಾನೆ ಬಂದದ್ದು ಈ ಪತ್ರದಿಂದ ಎಂದೇ ಜನ ಹೇಳುತ್ತಾರೆ. ಅದಕ್ಕೂ ಮೊದಲು ಅಷ್ಟು ವರ್ಷ ಅದೇ ಡಬ್ಬಿಯಲ್ಲಿ ಕೂಸು ಎತ್ತಿಕೊಂಡು ಕೂತ ಹೆಂಗಸರು ಪತ್ರ ಬರೆಯಲಿಲ್ಲ.

ಅವರು ಏನು ಮಾಡುತ್ತಿದ್ದರೆಂಬುದು ನನಗೆ ಗೊತ್ತಿರುವುದು ಅವರ ಮೊಮ್ಮಕ್ಕಳ ಕಾಲದ ಪದ್ಧತಿಯಿಂದ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಪಾಸು ಇದ್ದುದರಿಂದ ನಮ್ಮ ಮನೆಯಲ್ಲಿ ಹಸುಗೂಸು ಕಟ್ಟಿಕೊಂಡು ಊರು ಸುತ್ತುವುದಕ್ಕೆ ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಸೀಟಿನ ಮೇಲೆ ಮೊದಲು ಕೌದಿ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮೆತ್ತನೆಯ ಅರಿವಿ. ರಬ್ಬರ್ ಶೀಟಿನ ಮೂಲ 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಶ್ ಪೇಟೆಂಟ್ ಪಡೆದ ರಬ್ಬರು ಬಟ್ಟೆ. ನಮ್ಮ ಆಸ್ಪತ್ರೆಯ ನರ್ಸುಗಳು ಹಾಸಿಗೆಯ ಶೀಟಿಗೆ ಇವತ್ತಿಗೂ ಮ್ಯಾಕಿಂಟಾಶ್ ಎಂದೇ ಹೇಳುವುದು. ಮನೆಯಲ್ಲಿದ್ದದ್ದು ಕಲ್ಕತ್ತೆಯ ಡಕ್‌ಬ್ಯಾಕ್ ಕಂಪನಿಯದು, 1920ರಲ್ಲಿ ಶುರುವಾದ ಸ್ವದೇಶಿ ಕಾರ್ಖಾನೆ. ಆದರೆ ಇದೆಲ್ಲ ಎರಡನೇ ಕೋಟೆ. ನಿಜವಾದ ಜಾಣತನ ಅರಿವಿ ತೋಯದಂತೆ ನೋಡಿಕೊಳ್ಳುವುದರಲ್ಲಿತ್ತು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ನಿದ್ದೆಯಿಂದ ಎದ್ದ ಕೂಡಲೇ, ಕೂಸನ್ನು ತನ್ನೆರಡು ಪಾದದ ಮೇಲೆ ಕುಂಡ್ರಿಸಿ "ಸ್ಸ್" ಎನ್ನುವುದು. ಈ ಎರಡು ಹೊತ್ತು ತಪ್ಪಿಸದವಳ ಗಂಟು ಹಗುರ. ತೋಯ್ದದ್ದನ್ನು ಸ್ಟೇಷನ್ನಿನ ನಲ್ಲಿಯಲ್ಲಿ ಜಾಲಾಡಿ ಡಬ್ಬಿಯ ಒಳಗೇ ಹಗ್ಗ ಕಟ್ಟಿ ಹಾಕುತ್ತಿದ್ದರು. ಕಿಟಕಿಯ ಸರಳಿಗೆ ಕಟ್ಟುವುದಕ್ಕೆ ಅವ್ವ ಬಿಡುತ್ತಿರಲಿಲ್ಲ. ಹೊಗೆಯ ಎಂಜಿನ್ನಿನ ಕಾಲ, ಬಿಳಿ ಧೋತರ ಗದಗಿನಲ್ಲಿ ಕಟ್ಟಿದರೆ ಹೊಸಪೇಟೆಗೆ ಕರಿ.

ಅರಿವಿಯನ್ನು ನಿಜವಾಗಿ ಸೋಲಿಸಿದ್ದು ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಶುರು ಮಾಡಿತು. ಹುಬ್ಬಳ್ಳಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, 1956ರ ಮೇಲೆ ನಾವೂ ಅದೇ ಬಸ್ಸಿನವರಾದೆವು. ಬಸ್ಸು ತವರನ್ನು ಹತ್ತಿರ ತಂದಿತು ನಿಜ. ಆದರೆ ಅದರಲ್ಲಿ ನಲ್ಲಿ ಇಲ್ಲ, ಪಾಯಖಾನೆ ಇಲ್ಲ, ಕಾಲು ಚಾಚಿ ಕೂಸನ್ನು ಕುಂಡ್ರಿಸಲು ಜಾಗವಿಲ್ಲ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಪ್ಯಾಂಟಿನ ಗೃಹಸ್ಥರು. ಹಾಗೆ ಬಂತು ಪ್ಲಾಸ್ಟಿಕ್ ಚಡ್ಡಿ, ಅರಿವಿಯ ಮೇಲೆ ತೊಡಿಸುವುದು. ಪಕ್ಕದವರ ಪ್ಯಾಂಟು ಉಳಿಯಿತು, ಕೂಸಿನ ತೊಡೆಸಂದಿ ಬೆಂದಿತು. ಏಪ್ರಿಲ್ ತಿಂಗಳ ರಾಯಚೂರು ಬಸ್ಸಿನಲ್ಲಿ ಅದನ್ನು ತೊಡಿಸುವುದು ಶಿಕ್ಷೆಯೇ ಸರಿ.

ಇದೇ ಹೊತ್ತಿಗೆ ದೂರದ ದೇಶಗಳಲ್ಲಿ ಇದೇ ತಾಪತ್ರಯಕ್ಕೆ ಬೇರೆ ದಾರಿಗಳು ತೆರೆದುಕೊಳ್ಳುತ್ತಿದ್ದವು. ಕನೆಕ್ಟಿಕಟ್‌ನ ಮೇರಿಯನ್ ಡೊನೊವನ್ 1946ರಲ್ಲಿ ಬಚ್ಚಲಿನ ಪರದೆ ಕತ್ತರಿಸಿ ಅರಿವಿಯ ಮೇಲೊಂದು ಹೊದಿಕೆ ಹೊಲಿದಳು. ಆಮೇಲೆ ಅದನ್ನೇ ಪ್ಯಾರಾಶೂಟಿನ ನೈಲಾನಿನಲ್ಲಿ ಮಾಡಿ, ಪಿನ್ನಿನ ಬದಲು ಟಿಚ್ ಬಟನ್ ಹಾಕಿದಳು. 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಅದು ಮಾರಾಟಕ್ಕೆ ಬಂತು. 1951ರಲ್ಲಿ ಪೇಟೆಂಟ್ ಸಿಕ್ಕ ಮೇಲೆ ಹಕ್ಕನ್ನು ಹತ್ತು ಲಕ್ಷ ಡಾಲರಿಗೆ ಕೊಟ್ಟಳು. ಬ್ರಿಟನ್ನಿನಲ್ಲಿ ಸೇನಾಧಿಕಾರಿಯೊಬ್ಬರ ಹೆಂಡತಿ ವ್ಯಾಲೆರಿ ಹಂಟರ್ ಗಾರ್ಡನ್ ಕೂಡ ಹಳೇ ಪ್ಯಾರಾಶೂಟನ್ನೇ ಕತ್ತರಿಸಿ ಹೊಲಿದಳು. ಒಳಗಿನ ಮೆತ್ತೆಯನ್ನು ಮಾತ್ರ ಬಳಸಿ ಎಸೆಯುವಂತೆ ಮಾಡಿದಳು. ಮಹಾಯುದ್ಧ ಮುಗಿದು ಉಳಿದ ಪ್ಯಾರಾಶೂಟುಗಳು ಕೂಸುಗಳ ಕುಂಡೆಗೆ ಬಂದದ್ದು ಇತಿಹಾಸದ ಮೇಷ್ಟ್ರಿಗೆ ಬಹಳ ಹಿಡಿಸುವ ವಿಷಯ.

ಪೂರ್ತಿ ಎಸೆಯುವ ಡೈಪರೂ ಆಗ ಇತ್ತು. ಆದರೆ ಅಮೆರಿಕದ ತಾಯಂದಿರು ಅದನ್ನು ಮನೆಯಲ್ಲಿ ಬಳಸುತ್ತಿರಲಿಲ್ಲ, ಪ್ರಯಾಣಕ್ಕೆ ಮಾತ್ರ. 1950ರ ದಶಕದ ನಡುವಿನಲ್ಲಿ ಅಲ್ಲಿ ಬದಲಿಸುವ ನೂರು ಡೈಪರಿನಲ್ಲಿ ಒಂದೂ ಎಸೆಯುವ ಜಾತಿಯದಿರಲಿಲ್ಲ. ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯ ಎಂಜಿನಿಯರ್ ವಿಕ್ಟರ್ ಮಿಲ್ಸ್‌ಗೆ ಮೊಮ್ಮಗುವಿನ ಬಟ್ಟೆ ಬದಲಿಸುವುದು ಬೇಸರ ತಂದು, ಅವರ ತಂಡ ಪ್ಯಾಂಪರ್ಸ್ ರೂಪಿಸಿತು. 1961ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಒಂದಕ್ಕೆ 10 ಸೆಂಟಿನಂತೆ ಮಾರಲು ಇಟ್ಟಾಗ ತಾಯಂದಿರು ಮೆಚ್ಚಿಕೊಂಡರೂ ಕೊಳ್ಳಲಿಲ್ಲ. ಮುಂದೆ ಬೆಲೆ 6 ಸೆಂಟಿಗೆ ಇಳಿಸಿದ ಮೇಲೆ ಅದು ಪ್ರಯಾಣದ ಚೀಲದಿಂದ ಮನೆಯ ಕಪಾಟಿಗೆ ಬಂತು. 1980ರ ದಶಕದಲ್ಲಿ ನೀರು ಹೀರಿ ಉಬ್ಬುವ ರಾಸಾಯನಿಕ ಹರಳುಗಳನ್ನು ಸೇರಿಸಿದ್ದರಿಂದ ಡೈಪರ್ ತೆಳ್ಳಗಾಯಿತು.

ಹುಬ್ಬಳ್ಳಿಯಲ್ಲೂ ಅದು ಒಳಗೆ ಬಂದದ್ದು ಅದೇ ಪ್ರಯಾಣದ ಬಾಗಿಲಿನಿಂದ. 1994ರಲ್ಲಿ ಹಿಂದುಸ್ತಾನ್ ಲಿವರ್ ಮತ್ತು ಕಿಂಬರ್ಲಿ ಕ್ಲಾರ್ಕ್ ಕೂಡಿ ಕಂಪನಿ ಮಾಡಿದ ಮೇಲೆ ಹಗ್ಗೀಸ್ ಪೇಟೆಗೆ ಬಂತು. ಪ್ಯಾಕೆಟ್ ಕೊಳ್ಳುವುದು ಆಗ ಡಾಕ್ಟರ ಮನೆಯವರಿಗಷ್ಟೇ. ಉಳಿದವರು ಮೆಡಿಕಲ್ ಶಾಪಿಗೆ ಹೋಗಿ "ನಾಳೆ ಬೆಂಗಳೂರಿಗೆ ಹೊಂಟೇವ್ರಿ, ಎರಡ ಬಿಡಿ ಕೊಡ್ರಿ" ಎನ್ನುತ್ತಿದ್ದರು. ಊರಿಗೆ ಎರಡು, ಮದುವೆಗೆ ಎರಡು, ಆಮೇಲೆ ರಾತ್ರಿಗೊಂದು. ಹಗಲಿಗೂ ಬರುವ ಹೊತ್ತಿಗೆ ಮನೆಯ ಪತ್ತಲಗಳೆಲ್ಲ ಪಾಲಿಯೆಸ್ಟರ್ ಆಗಿದ್ದವು. ಹರಿದರೂ ನೀರು ಕುಡಿಯದ ಬಟ್ಟೆ.

ಎಸೆದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ತಡವಾಗಿ ಬಂತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ ಒಂದು ಚೀಲದ ಪದ್ಧತಿ ಹಾಕಿಕೊಟ್ಟಿತು, ಡೈಪರಿಗೆ ಕೆಂಪು ಬುಟ್ಟಿ. ಸುತ್ತಿ ಎಸೆಯಲು ಪೊಟ್ಟಣವನ್ನು ತಯಾರಕರೇ ಕೊಡಬೇಕೆಂದು 2016ರ ಕೇಂದ್ರದ ನಿಯಮ ಹೇಳಿತು. ಈ ಪೊಟ್ಟಣ ಬಿಚ್ಚಿ ವಿಂಗಡಿಸುವ ಪೌರಕಾರ್ಮಿಕರ ಕೈ ಮಾತ್ರ, ಸವಳು ಹಾಕಿ ಒಗೆದ ಮಡಿವಾಳರ ಕೈಯ ಹಾಗೆ, ಬೆಲೆಯಲ್ಲಿ ಸೇರಿಲ್ಲ. ರೈಲಿನಲ್ಲೂ ಈಗ ಬಯೋಟಾಯ್ಲೆಟ್. ಅದರ ಬ್ಯಾಕ್ಟೀರಿಯಾ ಮಲವನ್ನು ಕರಗಿಸುತ್ತದೆ, ಡೈಪರನ್ನಲ್ಲ. ಯಾರೋ ಒಳಗೆ ಹಾಕಿದ ಒಂದು ಡೈಪರಿಗೆ ಇಡೀ ಪಾಯಖಾನೆ ಕಟ್ಟಿಕೊಳ್ಳುತ್ತದೆ, ಅದನ್ನು ಕೊನೆಗೆ ಕೈ ಹಾಕಿ ತೆಗೆಯುವವನೂ ಒಬ್ಬ ಇರುತ್ತಾನೆ.

ಬೆಂಗಳೂರಿನಲ್ಲಿರುವ ನನ್ನ ಮಗಳು ಬಟ್ಟೆಯ ಡೈಪರಿಗೆ ಮರಳಿದ್ದಾಳೆ. ಹೊಸ ಕಾಲದ್ದು: ಹೊರಗೆ ನೀರು ಬಿಡದ ಬಣ್ಣದ ಹೊದಿಕೆ, ಟಿಚ್ ಬಟನ್, ಒಳಗೆ ಹಲವು ಪದರ ಸೇರಿಸಿ ಹೊಲಿದ ಮೆತ್ತೆ. ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಊರಿಗೆ ಹೊರಟರೆ ಆ ದಪ್ಪ ಮೆತ್ತೆ ಒಣಗುವುದಿಲ್ಲ, ಮಳೆಗಾಲದ ಶಿರಸಿಯಲ್ಲಂತೂ ಎರಡು ದಿನವಾದರೂ ಹಸಿ. ನನ್ನ ಅಭಿಪ್ರಾಯದಲ್ಲಿ ಪ್ರಯಾಣಕ್ಕೆ ಒಂದೇ ಪದರದ ಹಳೇ ಧೋತರವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಮಡಿಚಿದಾಗ ದಪ್ಪ, ಬಿಚ್ಚಿದಾಗ ತೆಳ್ಳಗೆ, ಫ್ಯಾನಿನ ಗಾಳಿಗೇ ಒಣಗುತ್ತದೆ. ಉಡದಾರದ ಜಾಗದಲ್ಲಿ ಹೊದಿಕೆ ಇರಲಿ, ತಕರಾರಿಲ್ಲ. ಡೊನೊವನ್ ಹೊಲಿದದ್ದೂ ಅದೇ ಅಲ್ಲವೇ, ಅರಿವಿಯ ಮೇಲಿನ ಹೊದಿಕೆ. ಈಗ ಮಗಳು ಹೊದಿಕೆಯ ಒಳಗೆ ಅವಳಪ್ಪನ ಧೋತರದ ಚೌಕ ಮಡಿಚಿ ಇಡುತ್ತಾಳೆ.

ರಾತ್ರಿ ರೈಲಿನಲ್ಲಿ ಅವಳು ಜಾಲಾಡುವುದೂ ಇಲ್ಲ, ಹಗ್ಗ ಕಟ್ಟುವುದೂ ಇಲ್ಲ. ಗಟ್ಟಿಯದನ್ನಷ್ಟು ಪಾಯಖಾನೆಗೆ ಉದುರಿಸಿ, ಒದ್ದೆಯನ್ನು ಜಿಪ್ಪಿನ ಚೀಲಕ್ಕೆ ತುರುಕಿಬಿಡುತ್ತಾಳೆ. ತೊಳೆಯದ ಅರಿವಿ ತಲೆದೆಸೆಯ ಬ್ಯಾಗಿನಲ್ಲಿ ಇರುವುದನ್ನು ಕಂಡರೆ ಆಯಿ ಡಬ್ಬಿಯಿಂದ ಇಳಿದೇ ಹೋಗುತ್ತಿದ್ದಳು. ಊರು ಮುಟ್ಟಿದ ಮೇಲೆ ಆ ಚೀಲ ನೇರ ಅಳಿಯನ ಕೈಗೆ. ಅವರೇ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ, ಮಷಿನ್ನಿಗೆ ಹಾಕಿ, ಬಿಸಿನೀರಿನ ಗುಂಡಿ ಒತ್ತುತ್ತಾರೆ. "ಅತ್ತೆ, ಅಂಟುವಾಳ ಹಾಕಿದರೆ ನಡೆಯುತ್ತದೆಯೇ?" ಎಂದು ಕೇಳಿದರು. ಹಾಕಿ, ಆದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ, ಇಲ್ಲದಿದ್ದರೆ ಸಿಪ್ಪೆ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದೆ. ಕೊನೆಯಲ್ಲಿ ಮಷಿನ್ನು ಗಿರಗಿರ ತಿರುಗಿಸಿ ಹಿಂಡುತ್ತದೆ. ಕೂಸಿನ ಹೊಟ್ಟೆ ಚೆನ್ನಾಗಿದೆ. ಧೋತರ ಮಾತ್ರ ಎರಡು ಸಿಗಿದಿವೆ.