ಚಾರ್ಜಿಂಗ್ ಗನ್ ಮುಂದಿನ ಕ್ಯೂ: 125 ವರ್ಷದ ಹಳೇ ಕಥೆ

ಕಳೆದ ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ನಮ್ಮ ಎಲೆಕ್ಟ್ರಿಕ್ ಕಾರಲ್ಲಿ ಹೊರಟಿದ್ವಿ. ಕೊಲ್ಹಾಪುರಕ್ಕೆ ಸ್ವಲ್ಪ ಮುಂಚೆ ಒಂದು ಹೋಟೆಲ್ ಆವರಣದಲ್ಲಿ ಚಾರ್ಜರ್ ಇತ್ತು. ನಮ್ಮ ಬ್ಯಾಟರಿ 14 ಪರ್ಸೆಂಟ್. ಇದ್ದ ಎರಡು ಗನ್‌ನಲ್ಲಿ ಒಂದು ಕೆಟ್ಟಿತ್ತು. ಇನ್ನೊಂದು ಒಂದು ಬಿಳಿ ಕಾರಿಗೆ ಹಾಕಿತ್ತು, ಸ್ಕ್ರೀನ್ ಮೇಲೆ 97 ಅಂತ ಬರ್ತಿತ್ತು, ಮಾಲೀಕರು ಮಾತ್ರ ನಾಪತ್ತೆ. ನಮ್ಮ ಹಿಂದೆ ಇನ್ನೂ ಮೂರು ಕಾರು. ಹಿಂದಿನ ಸೀಟಿಂದ ನಮ್ಮವ್ವ ಅಂದಳು: "ಏನೋ ಇದು, ಗಿರಣಿ ಮುಂದ ಡಬ್ಬಿ ಇಟ್ಟು ಹೋದಂಗ ಕಾರ್ ಇಟ್ಟು ಹೋಗ್ಯಾರಲ್ಲೋ!"

ಆ ಮಾತು ತಲೇಲಿ ಕೂತುಬಿಡ್ತು. ಗಿರಣಿಯಲ್ಲಿ ಡಬ್ಬಿ ಇಟ್ಟು ಹೋದರೆ ಜಗಳ ಆಗಲ್ಲ. ಅಲ್ಲಿ ಗಿರಣಿಯವನು ಇರ್ತಾನೆ, ಒಂದು ಮುಗಿದ ಕೂಡಲೇ ಮುಂದಿನ ಡಬ್ಬಿ ಎತ್ಕೋತಾನೆ. ಚಾರ್ಜರ್ ಹತ್ತಿರ ಆ ಮನುಷ್ಯನೇ ಇಲ್ಲ. ಆದರೆ ಮೊದಲು ಇದ್ದ. ಇವತ್ತಿನ ಮಾತು ಅವನ ಬಗ್ಗೆ.

1897ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿಗಳು ಓಡೋಕೆ ಶುರುವಾದವು. ಸ್ವಲ್ಪ ದಿನದಲ್ಲೇ ಬ್ರಾಡ್‌ವೇ ರಸ್ತೆಯ ಹಳೇ ಸ್ಕೇಟಿಂಗ್ ಅಂಗಳವೊಂದು ಅವುಗಳ ಠಾಣೆ ಆಯ್ತು. ಚಾಲಕ ಗಾಡಿ ತಂದು ನಿಲ್ಲಿಸಿದರೆ ಸಾಕು. ಅಲ್ಲಿನ ಕೆಲಸಗಾರರು ಯಂತ್ರದ ಸಹಾಯದಿಂದ ಭಾರೀ ಬ್ಯಾಟರಿ ಹೊರಗೆ ಎಳೆದು, ತುಂಬಿದ ಇನ್ನೊಂದನ್ನು ಒಳಗೆ ತಳ್ಳಿ, ಕೆಲವೇ ನಿಮಿಷದಲ್ಲಿ ಕಳಿಸ್ತಿದ್ರು. ನಾವು ಈಗ ಬ್ಯಾಟರಿ ಸ್ವಾಪಿಂಗ್ ಅಂತ ಹೊಸ ಸುದ್ದಿ ಥರ ಮಾತಾಡ್ತೀವಲ್ಲ, ಅದೇ ಇದು! ಮುಂದೆ 1910ರಿಂದ 1924ರವರೆಗೆ ಹಾರ್ಟ್‌ಫರ್ಡ್ ಎಂಬ ಊರಿನ ವಿದ್ಯುತ್ ಕಂಪನಿ ಲಾರಿಗಳಿಗೂ ಇದೇ ಸೇವೆ ಕೊಟ್ಟಿತು. ಲಾರಿ ನಿಮ್ಮದು, ಬ್ಯಾಟರಿ ಕಂಪನಿಯದು, ಓಡಿಸಿದ ಮೈಲಿಗೆ ದುಡ್ಡು. ಒಟ್ಟು 60 ಲಕ್ಷ ಮೈಲಿ ದಾಟಿತ್ತು ಆ ಲೆಕ್ಕ.

ಸ್ವಂತ ಕಾರಿನವರ ಕಥೆ ಇನ್ನೂ ಚೆನ್ನಾಗಿದೆ. ಆಗ ಹೆಚ್ಚಿನ ಮನೆಗಳಲ್ಲಿ ಕರೆಂಟೇ ಇರಲಿಲ್ಲ. ಇದ್ದ ಕಡೆಯೂ ಅದು ಎಸಿ ಆಗಿದ್ದರೆ ನೇರವಾಗಿ ಉಪಯೋಗವಿಲ್ಲ, ಬ್ಯಾಟರಿಗೆ ಡಿಸಿ ಬೇಕು. ಹಾಗಾಗಿ ಊರಿನ ಗ್ಯಾರೇಜಲ್ಲಿ ಕಾರು ಬಿಡ್ತಿದ್ರು. ರಾತ್ರಿ ಚಾರ್ಜ್ ಹಾಕೋದು, ತೊಳೆಯೋದು, ಬೆಳಿಗ್ಗೆ ಮನೆ ಬಾಗಿಲಿಗೆ ತಂದು ನಿಲ್ಲಿಸೋದು, ಎಲ್ಲಾ ಗ್ಯಾರೇಜ್ ಹುಡುಗರೇ. ನಮ್ಮ ಅಪಾರ್ಟ್‌ಮೆಂಟಿನ ಕಾರು ತೊಳೆಯೋ ಹುಡುಗ ಚಾರ್ಜೂ ಹಾಕಿಟ್ಟ ಹಾಗೆ ಅಂದ್ಕೊಳ್ಳಿ.

ಆ ಹುಡುಗನನ್ನು ಬಿಟ್ಟು ಕೆಲಸ ನಡೆಸೋ ಯೋಚನೆಯೂ ಆಗಲೇ ಬಂದಿತ್ತು. ಹತ್ತಿರಹತ್ತಿರ 1900ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ 'ಎಲೆಕ್ಟ್ರೆಂಟ್' ಅನ್ನೋ ಕಂಬ ರೂಪಿಸಿತು. ರಸ್ತೆ ಬದಿಯಲ್ಲಿ ನಿಲ್ಲೋ ಕಂಬ, ಕಾಲು ಡಾಲರ್ ನಾಣ್ಯ ಹಾಕಿದರೆ ಎರಡೂವರೆ ಯೂನಿಟ್ ಕರೆಂಟ್. ಅದು ಹೆಚ್ಚು ಹರಡಲಿಲ್ಲ. 1912ರಲ್ಲಿ ಪೆಟ್ರೋಲ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದಮೇಲೆ ಎಲೆಕ್ಟ್ರಿಕ್ ಕಾರುಗಳೇ ಮೂಲೆ ಸೇರುತ್ತಾ ಹೋದವು.

1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವು ಮತ್ತೆ ಬಂದಾಗ ಚಾಲಕನದ್ದೇ ಎಲ್ಲಾ ಕೆಲಸ. ಜೊತೆಗೆ ಪ್ಲಗ್ಗಿನ ರಾಮಾಯಣ ಬೇರೆ. ಜಿಎಂ ಕಂಪನಿಯ ಇವಿ1ಗೆ ಹುಟ್ಟಿನ ಥರದ ಒಂದು ಪ್ಯಾಡಲ್, ಬೇರೆ ಕೆಲವು ಕಾರುಗಳಿಗೆ ಬೇರೆ ಪ್ಲಗ್. 2001ರಲ್ಲಿ ಆ ರಾಜ್ಯ ಪ್ಯಾಡಲ್ ಬೇಡ ಅಂತ ತೀರ್ಮಾನಿಸಿತು.

ನಮ್ಮಲ್ಲೂ ಅದೇ ಆಯ್ತು. 2017ರಲ್ಲಿ ಸರ್ಕಾರ ಭಾರತ್ ಡಿಸಿ-001 ಅನ್ನೋ 15 ಕಿಲೋವ್ಯಾಟ್ ಚಾರ್ಜರ್ ಮುಂದಿಟ್ಟಿತು. 2018ರ ಫೆಬ್ರುವರಿಯಲ್ಲಿ ಬೆಸ್ಕಾಂ ಬೆಂಗಳೂರಿನ ಕೆ.ಆರ್. ಸರ್ಕಲ್ ಕಚೇರಿಯಲ್ಲಿ ತನ್ನ ಮೊದಲ ಕೇಂದ್ರ ತೆರೆಯಿತು. ಅದೇ ಡಿಸೆಂಬರಿನಲ್ಲಿ ಕೇಂದ್ರದ ಮಾರ್ಗಸೂಚಿ: ಊರಲ್ಲಿ 3 ಕಿಲೋಮೀಟರ್ ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು ಕೇಂದ್ರ. ಆಮೇಲೆ ಬಂದ ಹೆಚ್ಚಿನ ಕಾರುಗಳು ಸಿಸಿಎಸ್-2 ಪ್ಲಗ್ ಹಿಡಿದವು. ಹಳೇ ಡಬ್ಬಗಳು ಎಷ್ಟೋ ಕಡೆ ಧೂಳು ತಿಂತಾ ನಿಂತವು. ಪ್ರತಿ ಎಷ್ಟು ಕಿಲೋಮೀಟರಿಗೆ ಡಬ್ಬ ಬೇಕು ಅನ್ನೋ ಲೆಕ್ಕ ಹಾಕಿದಷ್ಟು ಸುಲಭವಾಗಿ, ಆ ಡಬ್ಬದ ಮುಂದೆ ಯಾರು ನಿಂತಿರಬೇಕು ಅನ್ನೋದನ್ನ ಯಾರೂ ಯೋಚಿಸಲಿಲ್ಲ ಅಂತ ನನ್ನ ಅನಿಸಿಕೆ.

ಗಿರಣಿಯವನ ಕೆಲಸ ಈಗ ಹರಿದು ಹಂಚಿಹೋಗಿದೆ. 2016ರ ಡಿಸೆಂಬರಿನಲ್ಲಿ ಟೆಸ್ಲಾ ಕಂಪನಿ, ಚಾರ್ಜ್ ಮುಗಿದಮೇಲೂ ಕಾರು ತೆಗೆಯದವರಿಗೆ ನಿಮಿಷಕ್ಕೆ 40 ಸೆಂಟ್ ದಂಡ ಹಾಕಿತು. ನಮ್ಮ ಕಡೆ ಚಾಲಕರೇ ದಾರಿ ಮಾಡ್ಕೊಂಡಿದಾರೆ. ಡ್ಯಾಶ್‌ಬೋರ್ಡ್ ಮೇಲೆ ಫೋನ್ ನಂಬರಿನ ಚೀಟಿ. ಯಾವ ಗನ್ ಸತ್ತಿದೆ ಅಂತ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ. ಹಿಂದೆ ಯಾರಾದ್ರೂ ಕಾಯ್ತಿದ್ರೆ 80ಕ್ಕೆ ಎದ್ದೇಳೋದು. ಅದು ಬರೀ ಸೌಜನ್ಯ ಅಲ್ಲ, ಲೆಕ್ಕಾಚಾರನೂ ಹೌದು: 80 ದಾಟಿದಮೇಲೆ ಬ್ಯಾಟರಿ ಉಳಿಸೋಕೆ ಕಾರೇ ಕರೆಂಟ್ ಕಡಿಮೆ ಎಳೀತದೆ, ಕೊನೇ 20 ಪರ್ಸೆಂಟ್ ತಿನ್ನೋ ಹೊತ್ತಲ್ಲಿ ಇನ್ನೊಂದು ಕಾರು ಅರ್ಧ ತುಂಬಿರುತ್ತೆ.

ಬಿಳಿ ಕಾರಿನವರು ಬಂದಿದ್ದು 25 ನಿಮಿಷ ಬಿಟ್ಟು. ಹೆಗಲ ಮೇಲೆ ನಿದ್ದೆ ಹೋದ ಮಗು. ನಾನು ಬಯ್ಯೋಕೆ ಬಾಯಿ ತೆಗೆದಿದ್ದೆ. "ಸಾರಿ ಹಾಂ, ಮುಲ್ಗಿ ಊಟನೇ ಮಾಡ್ತಿರಲಿಲ್ಲ," ಅಂತ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಂದು, ಮಗುವನ್ನ ಸೀಟಲ್ಲಿ ಮಲಗಿಸಿ, ಕಾರು ಹಿಂದೆ ತೆಗೆದು, ತಾವೇ ಗನ್ ತಂದು ನಮ್ಮ ಕಾರಿಗೆ ಚುಚ್ಚಿದರು. ಎರಡು ಸಲ ಎರರ್ ಬಂತು. ಮೂರನೇ ಸಲ ಆ ಭಾರದ ಕೇಬಲ್ಲನ್ನ ಎರಡೂ ಕೈಲಿ ಮೇಲಕ್ಕೆ ಎತ್ತಿ ಹಿಡಿದು ನಿಂತರು, ಲಾಕ್ 'ಟಕ್' ಅನ್ನೋವರೆಗೂ. ಅವ್ವ ಅವರಿಗೊಂದು ಕರದಂಟು ಕೊಟ್ಟಳು. ನಾನು ನಂಬರ್ ಬರೆದು ಗಾಜಿನ ಹಿಂದೆ ಇಟ್ಟು ಚಾ ಕುಡಿಯೋಕೆ ಹೋದೆ. 76 ಆದಾಗ ಫೋನ್ ಬಂತು.