ಅತಿವೇಗದ ಸೊರೆ

ಮಗು ಮೊಲೆ ಚೀಪತೊಡಗಿದಾಗ ಹಾಲಿನ ಗ್ರಂಥಿಗಳನ್ನು ಸುತ್ತುವರಿದ ಸೂಕ್ಷ್ಮ ಸ್ನಾಯುಕೋಶಗಳು ಸಂಕುಚಿಸಿ ಹಾಲನ್ನು ತೊಟ್ಟಿನತ್ತ ದೂಡುವ ಕ್ರಿಯೆಯೇ ಸೊರೆ; ಅದರ ರಭಸವು ಕೂಸು ನುಂಗುವ ವೇಗವನ್ನು ಮೀರಿ, ಹಾಲು ನೆತ್ತಿಗೇರಿ ಕೂಸು ಕೆಮ್ಮುವ, ಮೊಲೆ ಬಿಟ್ಟು ಅಳುವ, ಗಾಳಿ ನುಂಗಿ ಹಾಲು ಕಕ್ಕುವ ಸ್ಥಿತಿ ಅತಿವೇಗದ ಸೊರೆ ಎನಿಸುತ್ತದೆ. ಕರುವನ್ನು ಕಂಡ ಹಸು ಸೊರೆ ಬಿಡುತ್ತದೆಂಬುದು ಕೊಟ್ಟಿಗೆಯ ಹಳೆಯ ತಿಳಿವಳಿಕೆ; ವಿಜ್ಞಾನವೂ ಇದನ್ನು ಮೊದಲು ಕಲಿತದ್ದು ಪ್ರಾಣಿಗಳಿಂದಲೇ.

ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರವನ್ನು ಚುಚ್ಚಿದರೆ ಆಡಿನ ಹಾಲು ಇಳಿಯುತ್ತದೆಂದು ಸಂಶೋಧಕರಾದ ಆಟ್ ಮತ್ತು ಸ್ಕಾಟ್ 1910ರಲ್ಲಿ ತೋರಿಸಿದರು. ಆ ಸಾರದಲ್ಲಿನ ಹಾರ್ಮೋನಾದ ಆಕ್ಸಿಟೋಸಿನ್ ಅನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ವಿನ್ಸೆಂಟ್ ಡು ವಿನ್ಯೋ 1955ರ ನೊಬೆಲ್ ಪ್ರಶಸ್ತಿ ಪಡೆದರು. ಬಾಣಂತಿಯ ರಕ್ತಸ್ರಾವ ತಡೆಯಲು ಅವಶ್ಯವಾದ ಈ ಔಷಧಿಯನ್ನು ಹಾಲು ಕರೆಯಲು ಹಸು ಎಮ್ಮೆಗಳಿಗೆ ಚುಚ್ಚುವ ದುರ್ಬಳಕೆಯನ್ನು ಕಾರಣವಾಗಿಟ್ಟು, ಕೇಂದ್ರ ಸರ್ಕಾರವು 2018ರಲ್ಲಿ ಅದರ ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ಬೆಂಗಳೂರಿನ ಪೀಣ್ಯದಲ್ಲಿ ಕಾರ್ಖಾನೆಯುಳ್ಳ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಮಾತ್ರ ಅದನ್ನು ಒಪ್ಪಿಸಲು ಹೊರಟಿತು. ದೆಹಲಿ ಉಚ್ಚ ನ್ಯಾಯಾಲಯ ಅದೇ ವರ್ಷದ ಡಿಸೆಂಬರ್ 14ರಂದು ಆ ಆದೇಶವನ್ನು ರದ್ದುಪಡಿಸಿತು.

ತಾಯಂದಿರ ವಿಷಯದಲ್ಲಿ ಸಂಶೋಧಕರ ಚಿಂತೆ ಬಹುಕಾಲ ಹಾಲು ಇಳಿಯದಿರುವುದರ ಬಗೆಗೇ ಇತ್ತು. ಮನಸ್ಸು ಕದಡಿದರೆ ಸೊರೆ ತಡೆಯುತ್ತದೆಂದು ನ್ಯೂಟನ್ ದಂಪತಿ 1948ರಲ್ಲಿ ತೋರಿಸಿದ್ದೂ ಆ ಚಿಂತೆಯ ಫಲವೇ. ಅತಿವೇಗದ ಸೊರೆಗೆ ಹಲವೊಮ್ಮೆ ಕಾರಣವಾಗುವ ಹಾಲಿನ ಹೆಚ್ಚಳವೂ ತೊಂದರೆಯಾಗಬಲ್ಲದೆಂಬ ಮಾತು, ಹೆಚ್ಚು ಹಾಲೆಂದರೆ ಭಾಗ್ಯವೆಂದೇ ಎಣಿಸುವ ಮನೆಗಳಲ್ಲಂತೂ, ಸುಲಭವಾಗಿ ಒಪ್ಪಿಗೆಯಾಗುವಂಥದ್ದಲ್ಲ. ಮೊದಲು ಇಳಿಯುವ, ಕೊಬ್ಬು ಕಡಿಮೆಯಿರುವ ಮುಂಬಾಲೇ ಹೆಚ್ಚು ಹೊಟ್ಟೆ ಸೇರಿದರೆ ಲ್ಯಾಕ್ಟೋಸ್ ಪೂರ್ತಿ ಜೀರ್ಣವಾಗದೆ ಕೂಸಿಗೆ ಹೊಟ್ಟೆನೋವು ಬರಬಹುದೆಂದು ವೂಲ್‌ರಿಜ್ ಮತ್ತು ಫಿಶರ್ 1988ರಲ್ಲಿ ವಾದಿಸಿದರು. ಕೆಲವು ಗಂಟೆಗಳ ಕಾಲ ಒಂದೇ ಮೊಲೆಯಲ್ಲಿ ಕುಡಿಸಿ ಅನಂತರ ಇನ್ನೊಂದಕ್ಕೆ ಬದಲಾಯಿಸುವ ಕ್ರಮವನ್ನು ವಾನ್ ವೆಲ್ಡ್‌ಹೌಸನ್-ಸ್ಟಾಸ್ 2007ರಲ್ಲಿ ವಿವರಿಸಿದರು. ಈ ಕ್ರಮ ಹಾಲನ್ನೇ ತಗ್ಗಿಸುವುದರಿಂದ, ಕೂಸಿನ ತೂಕ ನೋಡುತ್ತ, ವೈದ್ಯರ ಅಥವಾ ಸ್ತನ್ಯಪಾನ ಸಲಹೆಗಾರರ ನಿಗಾದಲ್ಲಿ ಮಾತ್ರ ನಡೆಯಬೇಕು. ತಾಯಿ ಹಿಂದಕ್ಕೊರಗಿ ಕೂಸನ್ನು ಎದೆಯ ಮೇಲೆ ಮಲಗಿಸಿ ಕುಡಿಸುವುದು, ಮೊದಲ ಚಿಮ್ಮುವಿಕೆಯನ್ನು ಬಟ್ಟೆಗೆ ಬಿಟ್ಟು ಆಮೇಲೆ ಮೊಲೆಗೆ ಹಚ್ಚುವುದು, ನಡುನಡುವೆ ತೇಗು ಬರಿಸುವುದು ಇವು ಸರಳ ಉಪಾಯಗಳು. ಭಾರ ಇಳಿಸಲೆಂದು ಪದೇ ಪದೇ ಹಾಲು ಹಿಂಡಿದರೆ ಮಾತ್ರ, ಖಾಲಿಯಾದಷ್ಟೂ ತುಂಬುವ ಗುಣದಿಂದ, ಹಾಲು ಇನ್ನಷ್ಟು ಹೆಚ್ಚುತ್ತದೆ.