ಗಂಟುಬೇನೆಯ ಕಾಲದ ಗಾಯನ

ನಾಡು ಸುಭಿಕ್ಷವಾಗಿರುವಾಗ ಸಂಗೀತವು ಬೆಳೆಯುವದೆಂದು ಸಾಮಾನ್ಯರ ತಿಳಿವಳಿಕೆ. ಆದರೆ ಕೃಷ್ಣಾತೀರದ ಇತಿಹಾಸವು ಬೇರೊಂದು ಮಾತನ್ನು ಹೇಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಹಿಂದುಸ್ತಾನಿ ಗಾಯನದ ರುಚಿಯನ್ನು ಹತ್ತಿಸಿದ ಕಾಲವು ಬರಗಾಲ ಮಹಾಮಾರಿಗಳ ಕಾಲವೇ ಆಗಿತ್ತು.

1896ರಲ್ಲಿ ಮಳೆ ತಪ್ಪಿತು. ಅದೇ ವರ್ಷ ಸಪ್ಟೆಂಬರದಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಜನರು ಗಂಟುಬೇನೆಯೆಂದು ಕರೆದ ಈ ರೋಗವು ಒಂದೆರಡು ವರ್ಷಗಳಲ್ಲಿಯೇ ಬೆಳಗಾವಿ ಧಾರವಾಡ ಪ್ರಾಂತಗಳನ್ನು ಮುಟ್ಟಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಹೊಲಗಳಲ್ಲಿ ಗುಡಿಸಲು ಹಾಕಿದರು. 1897ರ ಸಾಂಕ್ರಾಮಿಕ ರೋಗಗಳ ಕಾಯದೆಯಿಂದ ಜಾತ್ರೆ ಪ್ರವಾಸಗಳಿಗೆ ತಡೆ ಬಂದಿತು. 1899ರಲ್ಲಿ ಮತ್ತೆ ಬರ. ನಾಲ್ಕು ಜನರು ಒಂದೆಡೆ ಕೂಡುವದೇ ಭಯದ ಸಂಗತಿಯಾಯಿತು.

ಪುಣೆಯಿಂದ ಮಿರಜದ ಮೇಲಿಂದ ಲೋಂಡೆಗೆ ಹೋಗುವ ರೈಲುಮಾರ್ಗವು 1890ರ ಹೊತ್ತಿಗೆ ಸಿದ್ಧವಾಗಿತ್ತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ ಇವು ಅದರ ನಿಲ್ದಾಣಗಳು. ಪ್ರವಾಸಿಗಳೊಡನೆ ಬೇನೆಯೂ ಇದೇ ಹಾದಿಯಿಂದ ಬಂದಿತು; ಗವಾಯಿಗಳೂ ಇದೇ ಹಾದಿಯಿಂದ ಬಂದರು.

ಕಾಗವಾಡದ ನೆರೆಯ ಮಿರಜವು ಆಗ ಪಟವರ್ಧನರ ಸಂಸ್ಥಾನ. ಅಲ್ಲಿಯ ಶಿಕಲಗಾರರು ಮೊದಲು ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಪೇಶವಾಯಿ ಮುಳುಗಿ ಕತ್ತಿಗೆ ಬೇಡಿಕೆ ತಪ್ಪಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫರೀದಸಾಹೇಬ ಮುಂತಾದವರು ಸೋರೆಬುರುಡೆಯಿಂದ ತಂಬೂರಿ ಸಿತಾರಗಳನ್ನು ಮಾಡತೊಡಗಿದರು. ಹೊಟ್ಟೆಯ ಸಂಕಟದಿಂದ ಹುಟ್ಟಿದ ಈ ಕಸಬಿಗೆ 2024ರಲ್ಲಿ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು.

ಇಂಥ ಊರಿಗೆ ಆ ಶತಮಾನ ಮುಗಿಯುವ ಸುಮಾರಿಗೆ ಅಬ್ದುಲ ಕರೀಮಖಾನರು ಬಂದರು. ಉತ್ತರದ ಕಿರಾಣೆಯಲ್ಲಿ 1872ರಲ್ಲಿ ಹುಟ್ಟಿದ ಇವರನ್ನು ಮಿರಜದಲ್ಲಿ ಪ್ಲೇಗು ಹಿಡಿಯಿತೆಂದೂ, ಮೀರಾಸಾಹೇಬರ ದರ್ಗೆಯಲ್ಲಿ ಹಾಡಿ ಸೇವೆ ಸಲ್ಲಿಸಿದ ಮೇಲೆ ಗುಣವಾಯಿತೆಂದೂ ಪ್ರತೀತಿ. ಸ್ವರದಿಂದ ಸ್ವರಕ್ಕೆ ಅವಸರವಿಲ್ಲದೆ ಸಾಗುವ ಅವರ ಗಾಯಕಿಯು ದುಃಖಿತರಿಗೆ ಎಷ್ಟು ಹಿತವಾಗಿದ್ದೀತೆಂಬುದನ್ನು ಕೇಳಿ ಬಲ್ಲವರೇ ಬಲ್ಲರು. ಖಾನಸಾಹೇಬರು ಮಿರಜವನ್ನೇ ಮನೆ ಮಾಡಿಕೊಂಡರು. ಉರುಸಿನಲ್ಲಿ ಹಾಡುವದನ್ನು ವ್ರತದಂತೆ ನಡೆಸಿದರು.

ಇತ್ತ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಅಲ್ಲಾದಿಯಾಖಾನರಿಗೆ ಆಶ್ರಯವಿತ್ತಿದ್ದರು. ರಾಯಬಾಗವು ಆಗ ಅದೇ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ಈ ಸೀಮೆಯ ಎರಡು ಮಗ್ಗುಲುಗಳಲ್ಲಿಯೂ ದೊಡ್ಡ ಗಾಯಕರು ನೆಲಸಿದರು.

ಕರೀಮಖಾನರ ವಿದ್ಯೆಯು ಕನ್ನಡಿಗರಿಗೆ ದೊರೆತದ್ದು ಕುಂದಗೋಳದ ರಾಮಚಂದ್ರರಾಯರಿಂದ, ಅಂದರೆ ಸವಾಯಿ ಗಂಧರ್ವರಿಂದ. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರೆಲ್ಲ ಅದೇ ಬಳ್ಳಿಯ ಹೂಗಳು. 1937ರ ಅಕ್ಟೋಬರ 27ರಂದು ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಖಾನಸಾಹೇಬರು ಹಾದಿಯ ಸಣ್ಣ ನಿಲ್ದಾಣವೊಂದರಲ್ಲಿ ಕೊನೆಯುಸಿರೆಳೆದರು. ಅವರ ದೇಹವು ಮಿರಜದಲ್ಲಿಯೇ ಮಣ್ಣಾಯಿತು.

ಸಂಗೀತವು ಪ್ಲೇಗಿಗೆ ಮದ್ದಾಗಲಿಲ್ಲ. ಸತ್ತವರು ತಿರುಗಿ ಬರಲಿಲ್ಲ. ಆದರೆ ಒಬ್ಬರನ್ನೊಬ್ಬರು ಕಂಡು ಹೆದರಿ ಚದುರಿದ್ದ ಜನರನ್ನು ಮರಳಿ ಒಂದು ಜಮಖಾನೆಯ ಮೇಲೆ ಕೂಡ್ರಿಸುವ ಶಕ್ತಿ ಅದಕ್ಕಿತ್ತು. ಅಲ್ಲಿ ಕುಲಮತಗಳನ್ನು ಕೇಳುವವರಿರಲಿಲ್ಲ. ಇಂದಿಗೂ ಮಿರಜದ ಉರುಸಿನಲ್ಲಿ ಗವಾಯಿಗಳು ಹಾಡುತ್ತಾರೆ. ಹರುಷದ ದಿನಗಳಲ್ಲಿ ಅದನ್ನು ಕೇಳುವವರು, ಅದು ಅಳುವಿನ ದಿನಗಳಲ್ಲಿ ಬೇರೂರಿದ್ದೆಂಬುದನ್ನು ಮರೆಯಬಾರದು.